ಮತ್ತೆ ಬರೆಯತಕ್ಕದ್ದು

ನಾನು ಮಾತಾಡುವುದು ನಿಧಾನ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಎದ್ದು ಹೋಗಬೇಡಿ. ನನ್ನ ಬಾಯಿಯ ಎಡಗಡೆ ಸತ್ತಿದೆ. ನಾಲಿಗೆ ಒಂದೊಂದು ಮಾತಿಗೂ ಹೊಸ್ತಿಲ ಮುಂದಿನ ಎಮ್ಮೆಯ ಹಾಗೆ ನಿಂತು, ಯೋಚನೆ ಮಾಡಿ, ಆಮೇಲೆ ಕಾಲಿಡುತ್ತದೆ. ಒಂದು ಕಾಲದಲ್ಲಿ ಇದೇ ನಾಲಿಗೆ ಹತ್ತೂರಿಗೊಂದು ನಾಲಿಗೆ ಅನ್ನಿಸಿಕೊಂಡಿತ್ತು. ಹೊನ್ನಾಂಬೆ ಬಾಯಿ ಬಿಟ್ಟರೆ ಕೇಳುವವರು ಉಸಿರು ಬಿಡುವುದಕ್ಕೆ ಪುರುಸೊತ್ತಿಲ್ಲ ಅನ್ನುತ್ತಿದ್ದರು. ಆ ಹೊನ್ನಾಂಬೆ ನಾನೇ. ನಂಬುವುದು ಬಿಡುವುದು ನಿಮ್ಮಿಷ್ಟ.

ನಮ್ಮೂರಲ್ಲಿ ಬರೆದದ್ದು ನಿಲ್ಲುವುದಿಲ್ಲ. ವೀಳ್ಯದೆಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಇರುತ್ತದೆ, ಆಮೇಲೆ ಅಕ್ಷರ ಏಳುತ್ತದೆ. ಅಳಿಸಿತು ಅನ್ನುವುದಿಲ್ಲ ನಾವು, ಎದ್ದಿತು ಅನ್ನುತ್ತೇವೆ. ಸೀಮೆಸುಣ್ಣಕ್ಕೂ ಮಸಿಗೂ ಇದ್ದಿಲಿಗೂ ಒಂದೇ ಗತಿ. ಕಲ್ಲಿನಲ್ಲಿ ಕೆತ್ತಿದರೂ ಕಲ್ಲುಕುಟಿಗ ಬೆವರು ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಕಲ್ಲು ನುಣ್ಣಗಿರುತ್ತದೆ. ಹಾಗಂತ ಯಾರೂ ಕೊರಗುತ್ತ ಕೂತಿಲ್ಲ. ಅಂಗಡಿಯವರು ಬೋರ್ಡಿನ ಗೋಜಿಗೆ ಹೋಗದೆ ಬಾಗಿಲಲ್ಲಿ ನಿಂತು ಕೂಗುತ್ತಾರೆ. ಮದುವೆಗೆ ಕರೆಯಲು ಬಂದವನು ನಿಮ್ಮೆದುರೇ ಕಾಗದ ಬರೆದು ಕೈಗಿಟ್ಟು, ಓದಿದಿರಾ ಎಂದು ಕೇಳಿ, ಬರೀ ಕಾಗದ ವಾಪಸು ಇಸಕೊಂಡು ಮುಂದಿನ ಮನೆಗೆ ನಡೆಯುತ್ತಾನೆ. ಒಂದೇ ಕಾಗದದಲ್ಲಿ ಇಡೀ ಊರಿಗೆ ಊಟ ಹಾಕಬಹುದು. ಪ್ರೇಮಪತ್ರ ಬರೆಯುವ ಹುಡುಗಿಯರಿಗಂತೂ ಅಪ್ಪನ ಭಯವೇ ಇಲ್ಲ.

ಆದರೆ ಇಂಥ ಊರಲ್ಲಿ ಬೇಗ ಓದುವವನೇ ಜಾಣ, ಉಳಿದವರೆಲ್ಲ ದಡ್ಡರು. ಶಾಲೆಗೆ ಸೇರುವ ದಿನ ಮೇಷ್ಟ್ರು ಹಲಗೆಯ ಮೇಲೆ ಒಂದು ಸಾಲು ಬರೆಯುತ್ತಿದ್ದರು. ಅದು ಏಳುವ ಮುಂಚೆ ಮಗು ಓದಿ ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಶಾಲೆಗೆ ಬರುವ ಮುಂಚೆಯೇ ಓದು ಬರಬೇಕು ಅನ್ನುವುದು ಎಲ್ಲಿಯ ನ್ಯಾಯ ಅಂತ ಕೇಳಬೇಡಿ, ಮನೆಯಲ್ಲಿ ಕಲಿಸಿ ಕಳಿಸುತ್ತಿದ್ದರು. ಕೆಲವು ಮಕ್ಕಳಿಗೆ ಎಷ್ಟು ಕಲಿಸಿದರೂ ಆ ಒಂದು ವೀಳ್ಯದ ಹೊತ್ತು ಸಾಲುತ್ತಿರಲಿಲ್ಲ. ಕಣ್ಣು ಮಂಜಾದವು, ಕೈ ನಡುಗುವವು, ತಲೆಗೆ ಹತ್ತುವುದು ತಡವಾದವು. ನನ್ನ ಅಜ್ಜಿಯ ಕಾಲದಲ್ಲಿ ಅಂಥವರನ್ನು ಮನೆಯೊಳಗೇ ಇಟ್ಟುಬಿಡುತ್ತಿದ್ದರು. ಆಮೇಲೆ ಒಬ್ಬ ಯಜಮಾನರಿಗೆ ಕರುಣೆ ಉಕ್ಕಿ ಶಾಲೆಯ ಹಿತ್ತಲಲ್ಲಿ ಒಂದು ಚಪ್ಪರ ಹಾಕಿಸಿದರು. ಹೂವು, ತೋರಣ, ಭಾಷಣ, ಎಲ್ಲ ಆಯಿತಂತೆ. ದಯೆಯ ಚಪ್ಪರ ಅಂತ ಹೆಸರು. ಅಲ್ಲಿ ಆ ಮಕ್ಕಳು ದಿನವಿಡೀ ಹುಣಿಸೆಹಣ್ಣಿನ ಬೀಜ ಬಿಡಿಸಬೇಕು. ನಮ್ಮೂರಲ್ಲಿ ದಯೆ ಅಂದರೆ ಹುಣಿಸೆಬೀಜ.

ನನಗೆ ಒಬ್ಬ ಅಣ್ಣನಿದ್ದ, ಶೇಷ. ಅವನು ಚಪ್ಪರಕ್ಕೂ ಹೋಗಲಿಲ್ಲ. ನಮ್ಮದು ಕಟ್ಟಳೆ ಹೇಳುವ ಮನೆತನ, ಅಂಥ ಮನೆಯ ಮಗ ಬೀಜ ಬಿಡಿಸುವುದೆಂದರೆ ಮರ್ಯಾದೆ ಪ್ರಶ್ನೆ. ಅಪ್ಪ ಅವನನ್ನು ಉಪ್ಪಿನಕಾಯಿ ಜಾಡಿಗಳ ಕೋಣೆಯಲ್ಲಿಟ್ಟರು. ಅಪ್ಪ ನನಗೆ ಕಟ್ಟಳೆಗಳ ಪಾಠ ಹೇಳಿಕೊಡುತ್ತಿದ್ದರೆ ಗೋಡೆಯಾಚೆ ಅವನೂ ಹೇಳುತ್ತಿದ್ದ, ಅರ್ಧ ಕಟ್ಟಳೆಯಷ್ಟು ಹಿಂದೆ. ನಾವು ಮುಗಿಸಿ ಎದ್ದ ಮೇಲೂ ಅವನ ದನಿ ನಿಧಾನವಾಗಿ ಬರುತ್ತಲೇ ಇರುತ್ತಿತ್ತು. ಒಂದಕ್ಷರ ತಪ್ಪಿರುತ್ತಿರಲಿಲ್ಲ. ಅಪ್ಪ ನನ್ನ ಕಡೆ ನೋಡಿ, ಬೇಗ ಹೇಳೇ, ಅವನ ಥರ ಆಗಬೇಡ ಅನ್ನುತ್ತಿದ್ದರು. ನಾನು ಬೇಗ ಹೇಳುತ್ತಿದ್ದೆ. ಅಣ್ಣ ಇಪ್ಪತ್ತು ತುಂಬುವ ಮೊದಲೇ ಅದೇ ಕೋಣೆಯಲ್ಲಿ ಜ್ವರ ಬಂದು ತೀರಿಕೊಂಡ.

ಬರೆದದ್ದು ನಿಲ್ಲದ ಊರಲ್ಲಿ ಕಾನೂನು ಬಾಯಲ್ಲೇ ಇರಬೇಕಲ್ಲ. ನಾನೂರ ಹನ್ನೊಂದು ಕಟ್ಟಳೆ. ವರ್ಷಕ್ಕೊಮ್ಮೆ ಒಪ್ಪಿಸುವ ದಿನ ಬರುತ್ತದೆ. ಅವತ್ತು ಸೂರ್ಯ ಹುಟ್ಟಿದಾಗ ಚಾವಡಿಯ ಮುಂದೆ ನಿಂತು, ಊರವರೆಲ್ಲರ ಎದುರು, ನಮ್ಮ ಮನೆಯವರು ಮೊದಲನೆಯದರಿಂದ ಕೊನೆಯದರವರೆಗೆ ಕಟ್ಟಳೆಗಳನ್ನು ಹೇಳಬೇಕು. ನಡುಮಧ್ಯಾಹ್ನ ಕಂಬದ ನೆರಳು ಬುಡದ ಗುಂಡುಕಲ್ಲು ಮುಟ್ಟಿದರೆ ಜಾಗಟೆ ಬಾರಿಸುತ್ತಾರೆ. ಜಾಗಟೆಯೊಳಗೆ ಹೇಳಿದ್ದು ವರ್ಷವಿಡೀ ನಡೆಯುತ್ತದೆ. ಹೇಳಲಾಗದೆ ಉಳಿದದ್ದು ಸತ್ತಂತೆ, ಹನ್ನೆರಡು ವರ್ಷ ಅದರ ಹೆಸರೆತ್ತುವ ಹಾಗಿಲ್ಲ. ಪದ ಒಂದು ಆಚೀಚೆ ಆದರೂ ಲೆಕ್ಕಕ್ಕಿಲ್ಲ. ಒಪ್ಪಿಸುವ ದಿನ ಬಿಟ್ಟು ಬೇರೆ ದಿನ ಕಟ್ಟಳೆಯನ್ನು ಅದರ ರಾಗದಲ್ಲಿ ಗಟ್ಟಿಯಾಗಿ ಹೇಳಿದರೆ ಊರಿಗೆ ಕೇಡು, ಪಾಠಕ್ಕೆ ಮಾತ್ರ ವಿನಾಯಿತಿ, ಅದಕ್ಕೇ ಕಲಿತ ಮೇಲೆ ನಾವು ಮನಸ್ಸಿನಲ್ಲೇ ತಿರುವಿ ಹಾಕಿಕೊಳ್ಳುತ್ತಿದ್ದೆವು. ಅಪ್ಪನ ನಂತರ ಮೂವತ್ತೊಂದು ವರ್ಷ ನಾನು ಒಪ್ಪಿಸಿದೆ. ಒಂದು ವರ್ಷವೂ ಒಂದು ಮಾತೂ ಉಳಿಯಲಿಲ್ಲ. ಆ ಜಂಬ ಇತ್ತು ನನಗೆ. ಯಾಕೆ ಸುಳ್ಳು ಹೇಳಲಿ, ತಲೆಗೇರಿಯೇ ಇತ್ತು.

ಪುರಿ ಹುರಿಯುವ ಮಾಳವ್ವ ನಮ್ಮ ಮನೆಗೆ ಬಂದದ್ದು ಅವಳ ಮಗಳು ಬೆಳ್ಳಿಗೆ ಆರು ತುಂಬಿದ ವರ್ಷ. ಭಟ್ಟಿಯ ಮುಂದೆ ಕೂತು ಕೂತು ಮುಖ ಕೆಂಪಾದ ಹೆಂಗಸು, ಗಂಡನಿಲ್ಲ. ಬೆಳ್ಳಿ ಹುಟ್ಟಿದಾಗ ಅತ್ತದ್ದೂ ತಡವಾಗಿ. ನಡೆದದ್ದು ತಡ, ಮಾತು ತಡ, ಕೈ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ತಿಪ್ಪಯ್ಯ ಮೇಷ್ಟ್ರು ಹಲಗೆ ಮೇಲೆ ಸಾಲು ಬರೆದಾಗ ಈ ಹುಡುಗಿ ಎರಡಕ್ಷರ ಓದಿ, ಮೂರನೆಯದಕ್ಕೆ ಬಾಯಿ ತೆರೆದಿದ್ದಾಗ ಸಾಲು ಎದ್ದಿತ್ತು. ಚಪ್ಪರ ಆ ಕಡೆ ಅಂತ ಮೇಷ್ಟ್ರು ಕೈ ತೋರಿಸಿದರಂತೆ.

ಮಾಳವ್ವ ಜಗಲಿ ಮೇಲೆ ಪುರಿಯ ಪೊಟ್ಟಣ ಇಟ್ಟು, “ಹೊನ್ನಕ್ಕ, ನನ್ ಮಗಳನ್ನ ಶಾಲೆ ಒಳಗೆ ಬಿಡಬಾರದು ಅಂತ ಯಾವ ಕಟ್ಟಳೇಲಿ ಐತೆ, ಹೇಳು” ಅಂದಳು.

ನಾನು ಕಣ್ಣು ಮುಚ್ಚಿ ನಾನೂರ ಹನ್ನೊಂದನ್ನೂ ಮನಸ್ಸಿನಲ್ಲಿ ತಿರುವಿದೆ. ಎಲ್ಲೂ ಇರಲಿಲ್ಲ. ಎಪ್ಪತ್ತೊಂದನೆಯದರಲ್ಲಿ ಊರಿನ ಮಗುವಿಗೆ ಊರಿನ ಶಾಲೆ ಅಂತ ಇತ್ತು, ಅಷ್ಟೇ. ಸಾಲು ಓದಿಸುವುದು, ಚಪ್ಪರಕ್ಕೆ ತಳ್ಳುವುದು, ಇವೆಲ್ಲ ರೂಢಿ. ಅಷ್ಟು ವರ್ಷ ನಾನೇ ಎಪ್ಪತ್ತೊಂದನೆಯದನ್ನು ಹೇಳಿದ್ದೆ, ಅದರ ಅರ್ಥ ಮಾತ್ರ ಅವತ್ತು ತಿಳಿಯಿತು. ಉಪ್ಪಿನಕಾಯಿ ಕೋಣೆ ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾಳವ್ವ ನೆಟ್ಟಗೆ ಯಜಮಾನ ಗುರುಪಾದಪ್ಪನವರ ಮನೆಗೆ ಹೋದಳು. ಅವರು ನನ್ನನ್ನು ಕರೆಸಿ ಕೇಳಿದರು, ಹೌದು ಅಂದೆ. ಗಡ್ಡ ಕೆರೆದುಕೊಂಡು, “ಸರಿ, ಕೂರಿಸಿ. ಕೂತರೆ ಬೆಂಚೇನೂ ಸವೆಯಲ್ಲ” ಅಂದರು. ಬೆಳ್ಳಿ ಒಳಗೆ ಕೂತಳು. ಒಂದು ವರ್ಷ ಕೂತಳು. ಮೇಷ್ಟ್ರು ಬರೆಯುತ್ತಿದ್ದರು, ಅಕ್ಷರ ಏಳುತ್ತಿತ್ತು, ಉಳಿದ ಮಕ್ಕಳು ಗಿಳಿ ಹಾಗೆ ಒಪ್ಪಿಸುತ್ತಿದ್ದವು, ಇವಳು ಬರೀ ಹಲಗೆ ನೋಡುತ್ತಿದ್ದಳು. ವರ್ಷದ ಕೊನೆಗೆ ಮಾಳವ್ವ ಕೇಳಿದಾಗ ಮೇಷ್ಟ್ರು, “ಒಳಗೆ ಬಿಟ್ಟಿದ್ದೀವಲ್ಲ, ಇನ್ನೇನು ತಲೆ ಮೇಲೆ ಕೂರಿಸ್ಕೋಬೇಕಾ?” ಅಂದರಂತೆ.

“ಬಾಗಿಲು ತೆಗೆಸಿ ಏನು ಬಂತಕ್ಕ?” ಅಂತ ಮಾಳವ್ವ ಮತ್ತೆ ನಮ್ಮ ಜಗಲಿಗೆ ಬಂದಳು. “ಊಟಕ್ಕೆ ಕರೆದು ಎಲೆ ಹಾಕಿ ಬಡಿಸದೆ ಎಬ್ಬಿಸಿದಂಗಾಯ್ತು. ಅವರು ಇನ್ನೊಂದ್ ಸಲ ಬರೆದ್ರೆ ಸಾಕು, ನನ್ ಮಗಳು ಓದ್ತಾಳೆ. ಇನ್ನೊಂದ್ ಸಲಕ್ಕೆ ಆಗಲಿಲ್ವಾ, ಮತ್ತೊಂದ್ ಸಲ.”

ಅಂಥ ಕಟ್ಟಳೆ ಇರಲಿಲ್ಲ. ಹೊಸದು ಬೇಕೆಂದರೆ ಚಾವಡಿಯಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಕೈ ಏಳಬೇಕು. ಮಾಳವ್ವ ಮನೆ ಮನೆ ಸುತ್ತಿದಳು. ಕೆಲವರು ಪುರಿ ತಿಂದು ಬಾಗಿಲು ಹಾಕಿಕೊಂಡರು. ಕೆಲವರು, ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು, ಬೀಜ ಬಿಡಿಸಲಿ ಬಿಡಮ್ಮ ಅಂದರು. ಅವರ ಮಕ್ಕಳು ಮಾತ್ರ ಯಾರೂ ಮೇಟಿ ಹಿಡಿದಿರಲಿಲ್ಲ, ಅದು ಬೇರೆ ಮಾತು. ಕೈ ಎದ್ದದ್ದು ಬೇರೆ ಕಾರಣಕ್ಕೆ. ಆ ವರ್ಷ ಗುರುಪಾದಪ್ಪನವರ ಮೊಮ್ಮಗ ಸಾಲು ಓದಲಾಗದೆ ಹಲಗೆ ಮುಂದೆ ಗಳಗಳ ಅತ್ತುಬಿಟ್ಟ. ಯಜಮಾನರ ಮೊಮ್ಮಗನನ್ನು ಚಪ್ಪರಕ್ಕೆ ಕಳಿಸುವುದು ಹೇಗೆ? ಮರುವಾರ ಚಾವಡಿಯಲ್ಲಿ ಮೊದಲ ಕೈ ಅವರದೇ. ಅವರ ಕೈ ಎದ್ದ ಮೇಲೆ ಯಾರ ಕೈ ಏಳದೆ ಇರುತ್ತದೆ?

ಮಾತು ಕಟ್ಟಿಕೊಟ್ಟವಳು ನಾನು. “ಮಗುವೊಂದು ಓದಿ ಮುಗಿಸುವ ಮುನ್ನ ಸಾಲು ಎದ್ದರೆ ಉಪಾಧ್ಯಾಯನು ಆ ಸಾಲನ್ನು ಮತ್ತೆ ಬರೆಯತಕ್ಕದ್ದು, ಮಗು ಓದಿ ಮುಗಿಸುವವರೆಗೆ ಬರೆಯುತ್ತಲೇ ಇರತಕ್ಕದ್ದು.” ನಾನೂರ ಹನ್ನೆರಡನೆಯದು. ಹೊಸ ಸೊಸೆಗೆ ಕೊನೆಯ ಪಂಕ್ತಿ, ಹೊಸ ಕಟ್ಟಳೆಗೆ ಕೊನೆಯ ಜಾಗ. ಅದರ ಹಿಂದಿನದು, ಕೆರೆಗಿಳಿದ ಎಮ್ಮೆಯನ್ನು ಅದರ ಒಡೆಯನೇ ಎಬ್ಬಿಸತಕ್ಕದ್ದು ಅನ್ನುವುದು. ಎಮ್ಮೆಯ ಬಾಲ ಹಿಡಿದುಕೊಂಡು ಬೆಳ್ಳಿಯ ಕಟ್ಟಳೆ ಬಂತು ಅಂತ ಜನ ನಕ್ಕರು.

ತಿಪ್ಪಯ್ಯ ಮೇಷ್ಟ್ರು ಹಲ್ಲು ಕಡಿದುಕೊಂಡೇ ಬರೆದರು. ಆದರೂ ಬರೆದರು, ಆ ಪುಣ್ಯ ಅವರಿಂದ ಕಿತ್ತುಕೊಳ್ಳುವುದಿಲ್ಲ. ಚಪ್ಪರದಿಂದ ಇನ್ನೂ ನಾಲ್ಕು ಮಕ್ಕಳು ಎದ್ದು ಬಂದವು. ಉಳಿದವರ ಅಪ್ಪಂದಿರು, ನಮ್ಮ ಮಕ್ಕಳ ಪಾಠ ಹಿಂದೆ ಬಿತ್ತು ಅಂತ ಗೊಣಗಿದರು. ಮೂರು ತಿಂಗಳಾದ ಮೇಲೆ ಒಂದು ದಿನ, ಹತ್ತೊಂಬತ್ತನೆಯ ಸಲ ಬರೆದಾಗ, ಬೆಳ್ಳಿ ಪೂರ್ತಿ ಸಾಲು ಓದಿದಳು. ಹೋರಿ ಹುಲ್ಲು ತಿಂದಿತು, ಇಷ್ಟೇ ಸಾಲು. ಮಾಳವ್ವ ಭಟ್ಟಿ ಆರಿಸಿ, ಹುರಿದ ಕಡಲೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಬೀದಿಯಲ್ಲಿ ಸಿಕ್ಕಸಿಕ್ಕವರ ಕೈಗೆ ಹಾಕಿದಳು. ನನ್ನ ಕೈಗೂ ಒಂದು ಹಿಡಿ ಹಾಕಿದಳು. ನಾನು ಆ ಕಡಲೆ ಬಾಯಿಗೆ ಹಾಕಿಕೊಳ್ಳುವ ಮುಂಚೆ ಒಳಗೆ ಹೋಗಿ, ಜಾಡಿಗಳ ಕೋಣೆಯ ಬಾಗಿಲು ತೆಗೆದು, ಅಣ್ಣ ಕೂರುತ್ತಿದ್ದ ಜಾಗದಲ್ಲಿ ನಾಲ್ಕು ಕಾಳು ಇಟ್ಟೆ.

ಅಷ್ಟರಲ್ಲಿ ಗುರುಪಾದಪ್ಪನವರ ಮೊಮ್ಮಗನಿಗೆ ದೂರದ ಪಟ್ಟಣದಿಂದ ಕನ್ನಡಕ ತರಿಸಿದ್ದರು. ಹುಡುಗನ ಕಣ್ಣಿನ ದೋಷ ಅಷ್ಟೇ ಇದ್ದದ್ದು. ಈಗ ಅವನೇ ತರಗತಿಗೆ ಮುಂದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಹೊಸ ಕಟ್ಟಳೆ ಬಂದ ಮೂರನೆಯ ವರ್ಷ ಒಪ್ಪಿಸುವಾಗ ನನಗೆ ಇನ್ನೂರರ ಹತ್ತಿರ ಕೆಮ್ಮು ಹತ್ತಿತು. ನೀರು ಕುಡಿದೆ, ನಿಂತೆ, ಮತ್ತೆ ಕೆಮ್ಮು. ಆಮೇಲೆ ಓಡಿಸಿಕೊಂಡು ಹೋಗಿ ಮುಗಿಸಿದಾಗ ನೆರಳಿಗೂ ಕಲ್ಲಿಗೂ ನಡುವೆ ಎರಡು ಬೆರಳು ಉಳಿದಿತ್ತು. ಜನಕ್ಕೆ ಅದು ತಮಾಷೆ. ಮಾಳವ್ವ ಮಾತ್ರ ಮಾರನೆಯ ದಿನವೇ ಮಗಳ ಕೈ ಹಿಡಿದುಕೊಂಡು ಬಂದಳು. ಬೆಳ್ಳಿಗೆ ಆಗ ಹತ್ತು ವರ್ಷ, ಅವ್ವನ ಸೆರಗು ಹಿಡಿದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಹೊನ್ನಕ್ಕ, ನಿನ್ನೆ ನನ್ ಜೀವ ಬಾಯಿಗೆ ಬಂದಿತ್ತು. ಬೆಳ್ಳಿ ಕಟ್ಟಳೇನ ಒಂದಿಷ್ಟು ಮುಂಚೆ ಹಾಕಕ್ಕ. ಮೊದಲನೇದೇ ಮಾಡು ಅನ್ನಲ್ಲ, ನಡುವೆ ಎಲ್ಲಾದರೂ ಸೇರಿಸು. ಎಮ್ಮೆ ಕೊನೇಗಿರಲಿ. ಎಮ್ಮೆಗೇನು ಅವಸರ?”

ಜಾಗ ಬದಲಿಸಬಾರದು ಅಂತ ಕಟ್ಟಳೆಯೇನೂ ಇರಲಿಲ್ಲ. ಅಪ್ಪನ ಕಾಲದಲ್ಲಿ ಎರಡು ಸಲ ಬದಲಿಸಿದ್ದೂ ಉಂಟು. ಹೊಸ ಜೋಡಣೆ ನಾಲಿಗೆಗೆ ಕೂರಬೇಕೆಂದರೆ ಆರು ತಿಂಗಳು ಮನಸ್ಸಿನಲ್ಲಿ ತಿರುವಬೇಕು, ಅಷ್ಟೇ ಕಷ್ಟ. ನನ್ನ ನಾಲಿಗೆ ಗಟ್ಟಿಯಿತ್ತು, ಹೊತ್ತೂ ಇತ್ತು. ಆದರೆ ಅವಳು ನನ್ನ ಕೆಮ್ಮಿನ ಮಾತೆತ್ತಿದಳಲ್ಲ, ಅದು ಚುಚ್ಚಿತು. ಮೂವತ್ತು ವರ್ಷ ಒಂದು ಮಾತು ಉಳಿಸದವಳಿಗೆ ಪುರಿ ಹುರಿಯುವವಳು ಹೊತ್ತಿನ ಲೆಕ್ಕ ಹೇಳುವುದೇ?

“ಆಗಲ್ಲ” ಅಂದೆ. “ಇದು ನಿನ್ನ ಪುರಿ ಮೂಟೆ ಅಲ್ಲ ಮಾಳವ್ವ, ಆ ಮೂಲೆಯಿಂದ ಈ ಮೂಲೆಗೆ ಎತ್ತಿಡೋದಕ್ಕೆ. ನನ್ನ ಬಾಯಲ್ಲಿರೋದು ಸಾಯಲ್ಲ, ಹೋಗು.”

ಮಾಳವ್ವ ಮಗಳ ಕೈ ಹಿಡಿದು ಜಗಲಿ ಇಳಿದಳು. ಬೆಳ್ಳಿ ಹೋಗುತ್ತ ಎರಡು ಸಲ ತಿರುಗಿ ನೋಡಿದಳು. ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕೊಡ ಎತ್ತಲು ಬಗ್ಗಿದ ನಾನು ಏಳಲಿಲ್ಲ. ಲಕ್ವ.

ತಿಂಗಳೊಪ್ಪತ್ತಿನಲ್ಲಿ ಕಾಲು ಸರಿಯಾಯಿತು. ಮಾತು ಬರಲಿಲ್ಲ. ಏನು ಹೇಳಬೇಕು ಅಂತ ತಲೆಯಲ್ಲಿ ನಿಚ್ಚಳವಾಗಿರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಅದನ್ನು ತಾವೇ ಹೇಳಿ ಮುಗಿಸಿ ಎದ್ದಿರುತ್ತಿದ್ದರು. ನೀರು ಬೇಕು ಅನ್ನಲು ಹೊರಟರೆ ನೀ ಅನ್ನುವಾಗಲೇ, ನಿದ್ದೆ ಬಂತಾ, ಮಲಗಿ ಮಲಗಿ ಅಂತ ಹೊದಿಸುತ್ತಿದ್ದರು. ಓದುವುದೂ ಅಷ್ಟೇ. ಅಕ್ಷರ ಗೊತ್ತಾಗುತ್ತಿತ್ತು, ಅವು ಒಂದಕ್ಕೊಂದು ಸೇರುವಷ್ಟರಲ್ಲಿ ಏಳುತ್ತಿದ್ದವು. ಪೂರ್ತಿ ಮಾತು ಕೇಳಿಸಿಕೊಳ್ಳುವವರೆಗೆ ಕಾಯುತ್ತಿದ್ದವರು ಇಬ್ಬರೇ, ಮಾಳವ್ವ ಮತ್ತು ಬೆಳ್ಳಿ. ದಿನಾ ಗಂಜಿ ತಂದು ಕೂರುತ್ತಿದ್ದರು. ಮಾಳವ್ವ ಒಂದೇ ಒಂದು ಸಲವೂ, ಅವತ್ತು ನಾನು ಹೇಳಿರಲಿಲ್ವಾ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಒಪ್ಪಿಸುವ ದಿನ ಹತ್ತಿರ ಬಂದಾಗ ನಾನೇ ಕೋಲೂರಿಕೊಂಡು ಗುರುಪಾದಪ್ಪನವರ ಮನೆಗೆ ಹೋದೆ. ಮನೆತನದಲ್ಲಿ ನಾನೇ ಕೊನೆಯವಳು, ಬೇರೆ ಯಾರಿಗೂ ಕಟ್ಟಳೆ ಬರುತ್ತಿರಲಿಲ್ಲ. ಜಾಗಟೆ ಸ್ವಲ್ಪ ತಡವಾಗಿ ಬಾರಿಸಿ, ಸಂಜೆಯವರೆಗೆ ಹೊತ್ತು ಕೊಡಿ ಅಂತ ಕೇಳಬೇಕಿತ್ತು. ಅಷ್ಟು ಕೇಳುವಷ್ಟರಲ್ಲಿ ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು.

“ನೋಡಿ ಹೊನ್ನಮ್ಮ, ನನಗೇನು ಕನಿಕರ ಇಲ್ವಾ? ಆದರೆ ನಿಮಗೊಬ್ಬರಿಗೆ ಹೊತ್ತು ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ಜಾಗಟೆ ಎಲ್ಲರಿಗೂ ಒಂದೇ.”

“ಕೊ... ಕೊನೇದು...” ಅಂದೆ.

“ಕೊನೇದಾ? ಮೂರು ವರ್ಷ ನಡೀತಲ್ಲ, ಕಲಿಯೋವಷ್ಟು ಕಲಿತಿರ್ತಾರೆ ಬಿಡಿ. ಹೋದರೆ ಊರೇನು ಮುಳುಗಲ್ಲ.”

ಮೊಮ್ಮಗ ಪಡಸಾಲೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದ. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳಕ್ಕೂ ನಾಲಿಗೆ ಬೇಕಲ್ಲ, ಸುಮ್ಮನೆ ಎದ್ದು ಬಂದೆ.

ಅವತ್ತು ಮಾಳವ್ವನ ಕೈ ಹಿಡಿದು, “ಮೊದಲು... ಅದೇ... ಹೇಳ್ತೀನಿ” ಅಂದೆ. ಸೂರ್ಯ ಹುಟ್ಟಿದ ಕೂಡಲೇ ನಾನೂರ ಹನ್ನೆರಡನೆಯದು, ಆಮೇಲೆ ಬೇಕಾದ್ದು ಬರಲಿ, ಬೇಕಾದ್ದು ಸಾಯಲಿ. ಮಾಳವ್ವ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಮನಸ್ಸಿನಲ್ಲಿ ಹೇಳಿ ನೋಡಿದೆ, ಸಲೀಸಾಗಿ ಬಂತು. ರಾತ್ರಿ ಹಗಲು ಹೇಳಿ ನೋಡಿದೆ, ಪ್ರತಿ ಸಲವೂ ಬಂತು. ಗಟ್ಟಿಯಾಗಿ ಒಂದು ಸಲ ಹೇಳಿ ನೋಡಬಹುದಿತ್ತು. ಊರಿಗೆ ಕೇಡು ಅಂತ ಹೇಳಲಿಲ್ಲ. ಎಂಥ ಹುಚ್ಚು ನೋಡಿ, ಆ ಊರಿಗೆ ಕೇಡಾದರೆ ನನಗೇನಾಗಬೇಕಿತ್ತು?

ಒಪ್ಪಿಸುವ ದಿನ ಚಾವಡಿ ತುಂಬಿತ್ತು. ಯಾರ ಮನೆಗೆ ಯಾವ ಕಟ್ಟಳೆಯ ಲಾಭವೋ ಅವರು ಮುಂದಿನ ಸಾಲಿನಲ್ಲಿ ಕೂರುವುದು ವಾಡಿಕೆ. ಪಂಕ್ತಿಯಲ್ಲಿ ಮೊದಲ ಎಲೆ ಯಾರದು ಅನ್ನುವ ಕಟ್ಟಳೆಯ ಮನೆಯವರು, ಕೆರೆಯ ಕೆಳಗಿನ ಗದ್ದೆಯವರು, ಎಮ್ಮೆಯವರು. ಮಾಳವ್ವ, ಬೆಳ್ಳಿ, ಚಪ್ಪರದಿಂದ ಬಂದಿದ್ದ ಮಕ್ಕಳು ಹಿಂದೆ ಹುಣಿಸೆಮರದ ಕೆಳಗೆ ನಿಂತಿದ್ದರು. ಸೂರ್ಯ ಹುಟ್ಟಿದ. ನಾನು ಬೆಳ್ಳಿಯ ಮುಖ ನೋಡಿ ಬಾಯಿ ತೆರೆದೆ.

ಬರಲಿಲ್ಲ. ಮಗುವೊಂದು ಅನ್ನುವ ಮೊದಲ ಪದವೇ ಬರಲಿಲ್ಲ. ಬಾಯಿ ತೆರೆದೇ ನಿಂತಿದ್ದೆ, ಜೊಲ್ಲು ಇಳಿಯಿತು, ಮುಂದಿನ ಸಾಲಿನವರು ಮುಖ ತಿರುಗಿಸಿದರು. ಎಷ್ಟು ಹೊತ್ತು ಹಾಗೆ ಹೆಣಗಿದೆನೋ. ಕೊನೆಗೆ ತಡೆಯಲಾರದೆ ನಾಲಿಗೆ ತಾನಾಗಿ ಹೊರಳಿದಾಗ ಬಂದದ್ದು ಮೊದಲನೆಯ ಕಟ್ಟಳೆ, ಊರ ಗಡಿಯದು. ಅದರ ಬೆನ್ನಿಗೆ ಎರಡನೆಯದು, ಮೂರನೆಯದು. ಬೇರೆ ಮಾತು ಒಂದೂ ಬಾರದ ಬಾಯಲ್ಲಿ ಕಟ್ಟಳೆಗಳು ಸಾಲಾಗಿ, ಕಲಿತ ಕ್ರಮದಲ್ಲಿ ಬರುತ್ತಿದ್ದವು, ನಿಧಾನವಾಗಿ. ನಡುವೆ ನಿಲ್ಲಿಸಿ ಕೊನೆಯದಕ್ಕೆ ಹಾರಬೇಕೆಂದರೆ ಮತ್ತೆ ಮೂಕಿ. ಹಗ್ಗದ ತುದಿ ಬೇಕೆಂದರೆ ಬಾವಿಯಿಂದ ಹಗ್ಗವೆಲ್ಲ ಎಳೆಯಲೇಬೇಕು. ಅವತ್ತು ಅರ್ಥವಾಯಿತು ನನಗೆ, ಅಪ್ಪ ಕಲಿಸಿದ್ದು ಕಟ್ಟಳೆಯನ್ನಲ್ಲ, ಸಾಲನ್ನು.

ಹಾಗಾದರೆ ಎಳೆಯೋಣ ಅಂತ ಎಳೆದೆ. ನೀರು ಕುಡಿಯಲಿಲ್ಲ, ಕೂರಲಿಲ್ಲ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಏನನ್ನೂ ಹೇಳಿರಲಿಲ್ಲ. ಸತ್ತ ತುಟಿಯನ್ನು ಬೆರಳಲ್ಲಿ ಎತ್ತಿ ಹಿಡಿದು ಹೇಳಿದೆ. ಮುನ್ನೂರು ದಾಟಿದಾಗ ಬಿಸಿಲು ನೆತ್ತಿಯ ಹತ್ತಿರವಿತ್ತು. ಪಂಕ್ತಿಯ ಎಲೆಯ ಮನೆಯವರು ತಮ್ಮದು ಬಂದ ಕೂಡಲೇ ಎದ್ದು ಹೋದರು. ನಾನೂರು ಆಯಿತು. ನೆರಳು ಕಲ್ಲಿಗೆ ಅಂಗೈಯಷ್ಟು ದೂರದಲ್ಲಿತ್ತು. ಎಮ್ಮೆ ಬಂತು. ಅಯ್ಯೋ, ಆ ಎಮ್ಮೆಯನ್ನು ಕೆರೆಯಿಂದ ಎಬ್ಬಿಸಲು ನಾನು ಪಟ್ಟ ಪಾಡು! ಎಮ್ಮೆಯವರು ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ಬಂತು ನೋಡಿ, ತಾನಾಗಿ, ಎಮ್ಮೆಯ ಬಾಲ ಹಿಡಿದುಕೊಂಡೇ.

“ಮಗುವೊಂದು... ಓದಿ... ಮುಗಿಸುವ ಮುನ್ನ... ಸಾಲು ಎದ್ದರೆ... ಉಪಾಧ್ಯಾಯನು... ಆ ಸಾಲನ್ನು...”

ಜಾಗಟೆ ಹೊಡೆಯಿತು.

ನಾನು ನಿಲ್ಲಿಸಲಿಲ್ಲ. “ಮ... ಮ...” ಅನ್ನುತ್ತಲೇ ಇದ್ದೆ. ಜನ ಧೂಳು ಕೊಡವಿಕೊಂಡು ಎದ್ದರು, ಹಸಿವಾಗಿತ್ತು ಎಲ್ಲರಿಗೂ. ಗುರುಪಾದಪ್ಪ ನನ್ನ ಭುಜ ಮುಟ್ಟಿ, “ಸಾಕು ಹೊನ್ನಮ್ಮ, ದಣಿದಿದ್ದೀರಿ” ಅಂದರು. ಆಗ ಹುಣಿಸೆಮರದ ಕಡೆಯಿಂದ ಬೆಳ್ಳಿಯ ದನಿ ಬಂತು. ನಾನು ಬಿಟ್ಟಲ್ಲಿಂದ, ನನಗಿಂತ ನಿಧಾನವಾಗಿ, ರಾಗ ತಪ್ಪದೆ, ಮತ್ತೆ ಬರೆಯತಕ್ಕದ್ದು ಅಂತ ಹೇಳಿ, ಇರತಕ್ಕದ್ದು ಅನ್ನುವವರೆಗೆ ಪೂರ್ತಿ ಮುಗಿಸಿದಳು. ಅಷ್ಟರಲ್ಲಿ ಚಾವಡಿ ಖಾಲಿಯಾಗಿತ್ತು. ಕೇಳಿಸಿಕೊಂಡವರೂ, ಅವಳ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂದರು. ಅದು ನಿಜವೇ. ಉಪ್ಪಿನಕಾಯಿ ಕೋಣೆಯಲ್ಲಿ ಹೇಳಿದ್ದೂ ಲೆಕ್ಕಕ್ಕಿರಲಿಲ್ಲ.

ಮಾರನೆಯ ದಿನ ತಿಪ್ಪಯ್ಯ ಮೇಷ್ಟ್ರು ಒಂದೇ ಸಲ ಬರೆದರು. ವಾರದೊಳಗೆ ಐದು ಮಕ್ಕಳೂ ಚಪ್ಪರ ಸೇರಿದವು. ಹೊರಗೆ ಹಾಕಿದರು ಅನ್ನಬೇಡಿ, ಎಪ್ಪತ್ತೊಂದನೆಯದು ಇದೆಯಲ್ಲ, ಒಳಗೆ ಕೂರಬಹುದಿತ್ತು. ಬರೀ ಹಲಗೆ ನೋಡಿಕೊಂಡು ಯಾರು ಕೂರುತ್ತಾರೆ? ಹನ್ನೆರಡು ವರ್ಷದ ಮೇಲೆ ಮತ್ತೆ ಕೈ ಎತ್ತಿಸಬಹುದು ಅಂತ ಯಾರೋ ಮಾಳವ್ವನಿಗೆ ಸಮಾಧಾನ ಹೇಳಿದರಂತೆ. ಹನ್ನೆರಡು ವರ್ಷಕ್ಕೆ ಬೆಳ್ಳಿಗೆ ಇಪ್ಪತ್ತಮೂರು. ಶಾಲೆ ಹದಿನಾಲ್ಕಕ್ಕೆ ಮುಗಿಯುತ್ತದೆ.

ನನ್ನ ಮನೆಯೂ ಹೋಯಿತು, ಅದು ಕಟ್ಟಳೆ ಹೇಳುವವರಿಗೆ ಊರು ಕೊಟ್ಟ ಮನೆ. ಬಿಡುವ ಮೊದಲು ತಿಂಗಳುಗಟ್ಟಲೆ ನನ್ನನ್ನು ಕೂರಿಸಿಕೊಂಡು, ನಾಲಿಗೆ ಚುರುಕಿನ ನಾಲ್ವರು ಗಂಡಸರಿಗೆ ನೂರು ನೂರರಂತೆ ಹಂಚಿ ಕಲಿಸಿದರು. ನಾನೂರ ಹನ್ನೊಂದು. ಹನ್ನೆ... ಅಂತ ನಾನು ಬಾಯಿ ತೆರೆದರೆ, ಅದು ಸತ್ತದ್ದು, ಬೇಡ ಅಂದರು. ಆಮೇಲೆ ನನಗೂ ದಯೆಯ ಚಪ್ಪರದಲ್ಲಿ ಒಂದು ಮೂಲೆ ಕೊಟ್ಟರು. ಬಲಗೈ ಚೆನ್ನಾಗಿದೆಯಲ್ಲ, ಹುಣಿಸೆಬೀಜ ಬಿಡಿಸಬಹುದು. ಬೀಜ ಬಿಡಿಸುತ್ತ ಬಿಡಿಸುತ್ತ ಮಾತು ಸ್ವಲ್ಪ ಸ್ವಲ್ಪ ಬಂತು. ಈಗ ನಾನೂರ ಹನ್ನೆರಡನೆಯದು ಒಂಟಿಯಾಗಿಯೂ ಬರುತ್ತದೆ, ಎಮ್ಮೆ ಬೇಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೆಳ್ಳಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ನನ್ನೊಡನೆ ಮಾತಾಡುತ್ತಿರಲಿಲ್ಲ. ನೀರು ತಂದುಕೊಡುತ್ತಿದ್ದಳು, ಬೀಜದ ಬುಟ್ಟಿ ಹತ್ತಿರ ಸರಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ಹೀಗೆ ಒಂದು ವರ್ಷ ಕಳೆದು ಮತ್ತೆ ಒಪ್ಪಿಸುವ ದಿನ ಬಂತು. ನಾವು ಯಾರೂ ಹೋಗಲಿಲ್ಲ, ಚಪ್ಪರಕ್ಕೆ ದನಿ ಕೇಳಿಸುತ್ತಿತ್ತು. ನಾಲ್ವರೂ ಬಡಬಡ ಹೇಳಿದರು. ಬಿಸಿಲೇರುವ ಮುಂಚೆಯೇ ಎಲ್ಲ ಮುಗಿದುಹೋಯಿತು. ಜಾಗಟೆಗೆ ಇನ್ನೂ ಎಷ್ಟೋ ಹೊತ್ತಿತ್ತು. ಅಷ್ಟು ಹೊತ್ತೂ ಊರವರು ಚಾವಡಿಯಲ್ಲಿ ಕೂತು, ಮಾಳವ್ವನ ಭಟ್ಟಿಯ ಪುರಿ ತಿನ್ನುತ್ತ, ನೆರಳು ಕಲ್ಲು ಮುಟ್ಟುವುದನ್ನೇ ಕಾಯುತ್ತ ಹರಟೆ ಹೊಡೆದರು. ನಗು ಇಲ್ಲಿಯವರೆಗೆ ಕೇಳಿಸುತ್ತಿತ್ತು.

ಬೆಳ್ಳಿ ಬೀಜದ ಬುಟ್ಟಿ ಪಕ್ಕಕ್ಕಿಟ್ಟಳು. ಒಲೆಯ ಹತ್ತಿರದಿಂದ ಇದ್ದಿಲು ತಂದು, ನನ್ನೆದುರು ಕೂತು, ನೆಲದ ಮೇಲೆ ಬರೆಯತೊಡಗಿದಳು. ನಾನು ಬಗ್ಗಿ ನೋಡಿದೆ. ಅವ್ವ ಅನ್ನುವುದೊಂದು ಓದಿದೆ, ಅಷ್ಟರಲ್ಲಿ ಅಕ್ಷರ ಎದ್ದವು. ಅವಳು ನನ್ನ ಮುಖ ನೋಡಿ, ಬಗ್ಗಿ, ಮತ್ತೆ ಬರೆದಳು. ಅವ್ವ ಕೇಳಿ ಅನ್ನುವವರೆಗೆ ಬಂದೆ, ಎದ್ದವು. ಮೂರನೆಯ ಸಲ ಬರೆದಳು, ನಾಲ್ಕನೆಯ ಸಲ ಬರೆದಳು. ಬೇಸರವಿಲ್ಲ, ಸಿಟ್ಟಿಲ್ಲ, ಪ್ರತಿ ಸಲವೂ ಅದೇ ಅಕ್ಷರ, ಅದೇ ಜಾಗದಲ್ಲಿ, ನಾನು ಓದಿ ಮುಗಿಸಲಿ ಅಂತ. ಏಳನೆಯ ಸಲ ಪೂರ್ತಿ ಓದಿದೆ.

ಅವ್ವ ಕೇಳಿದಾಗ ಯಾಕೆ ಆಗಲ್ಲ ಅಂದೆ ಅಜ್ಜಿ?

ನಾನು ತಲೆ ಎತ್ತಲಿಲ್ಲ. ಕಟ್ಟಳೆ ಮುಂಚೆ ಹಾಕು ಅಂತ ಮಾಳವ್ವ ಕೇಳಿದ ದಿನ ನಾಲಿಗೆ ಸತ್ತಿರಲಿಲ್ಲ, ಬಾಯಿಗೆ ಏನೂ ಆಗಿರಲಿಲ್ಲ. ಅಕ್ಷರಗಳು ಒಂದೊಂದಾಗಿ ಎದ್ದು ನೆಲ ಬರಿದಾಯಿತು. ನಾನು ಸುಮ್ಮನಿದ್ದದ್ದನ್ನು ನೋಡಿ, ಇನ್ನೂ ಓದಿ ಮುಗಿದಿಲ್ಲ ಅಂದುಕೊಂಡಳೇನೋ, ಬೆಳ್ಳಿ ಇದ್ದಿಲು ಸರಿಯಾಗಿ ಹಿಡಿದುಕೊಂಡು ಮತ್ತೆ ಬರೆಯತೊಡಗಿದಳು.